ನೀರಹಾವಿನ ಪರ ವಕಾಲತ್ತು

ನಮ್ಮ ಮಾವನವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಹಾವಿನ ಮುಖವನ್ನು ಮಾತ್ರ ಒಮ್ಮೆ ಕಂಡರೆ ಮುಗಿಯಿತು, ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಮಗಳನ್ನು ಕೊಟ್ಟ ಬೀಗರೇ ಕಂಪ್ಲಿಯ ಸಂತೆಯಲ್ಲಿ ಎದುರಾದಾಗ, ‘ತಮ್ಮದು ಯಾವ ಊರಾತ್ರಿ?’ ಎಂದು ಕೇಳಿಬಿಟ್ಟಿದ್ದರು. ಅದೇ ಸಂಜೆ ಕಾಲುವೆಯ ದಂಡೆಯಲ್ಲಿ ಸುಳಿದುಹೋದ ಹಾವೊಂದನ್ನು ನೋಡಿ, ‘ಹೋದ ವರ್ಷದ್ದ ಇದು. ಬಾಲದ ತುದಿ ಮುರದೈತಿ ನೋಡ್ರಿ’ ಎಂದು ಹಳೆಯ ಗೆಳೆಯ ಸಿಕ್ಕಂತೆ ಹಿಗ್ಗಿದರಂತೆ. ಬೀಗರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನಿದೆ ಹೇಳಿ.

ನಾನು ಈ ಮನೆಗೆ ಸೊಸೆಯಾದದ್ದೂ ಹಾವಿನ ದೆಸೆಯಿಂದಲೇ. ನನ್ನ ತವರು ಸಂಡೂರು. ಆಗ ಅದು ರಾಜರ ಸೀಮೆ, ಮಾವನವರ ಊರು ಕಂಪ್ಲಿ ಮದರಾಸಿನವರ ಸೀಮೆ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬರು ಅಡುಗೆ ಬರುತ್ತದೆಯೇ ಎಂದರು, ಇನ್ನೊಬ್ಬರು ಹಾಡು ಬರುತ್ತದೆಯೇ ಎಂದರು. ಮಾವನವರು ಸುಮ್ಮನೆ ಕುಳಿತಿದ್ದವರು ಕೊನೆಗೆ ಬಾಯಿ ತೆರೆದರು.

‘ಕಾಲುವಿಗೆ ನೀರಿಗೆ ಹೋದಾಗ ಹಾವು ಕಂಡ್ರ ಏನ್ ಮಾಡ್ತೀಯವ್ವಾ?’

ನನಗೆ ದಿಗಿಲಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದೆ: ‘ಓಡ್ತೀನ್ರಿ.’

‘ಭೇಷ್. ಬಡಿಗಿ ತಗಳ್ಳೋರಕಿಂತ ಓಡೋರು ಭಾಳ ಶಾಣ್ಯಾರು’ ಎಂದು ಎದ್ದು ನಿಂತರು. ಮಾತುಕತೆ ಮುಗಿದಂತಾಯಿತು. ಹುಡುಗನ ಮಾತು ಬಂದದ್ದು ಅದಾದ ಮೇಲೆ.

ಆಗಿನ್ನೂ ತುಂಗಭದ್ರೆಗೆ ಈಗಿನ ದೊಡ್ಡ ಅಣೆಕಟ್ಟು ಬಂದಿರಲಿಲ್ಲ. ರಾಯರ ಕಾಲದ ಹಳೆಯ ಕಾಲುವೆಗಳೇ ನಮ್ಮ ಗದ್ದೆಗೆ ನೀರುಣಿಸುತ್ತಿದ್ದವು. ನೀರಿದ್ದಲ್ಲಿ ಕಪ್ಪೆ, ಕಪ್ಪೆಯಿದ್ದಲ್ಲಿ ಹಾವು. ಭತ್ತ ಕೊಯ್ಯುವವರು ಹಾವು ಕಂಡೊಡನೆ ಬಡಿಗೆ ಎತ್ತುವರು. ಮಾವನವರು ಧೋತರ ಎತ್ತಿಕಟ್ಟಿ ಓಡಿಬಂದು ಬಡಿಗೆಗೂ ಹಾವಿಗೂ ನಡುವೆ ನಿಲ್ಲುವರು. ಆಮೇಲೆ ಕುಡುಗೋಲು ಕೆಳಗಿಡಿಸಿ ಪಾಠ.

‘ಮೈಮ್ಯಾಲ ಪಗಡಿ ಹಾಸಿನಂಗ ಚೌಕಳಿ ಐತಿಲ್ಲೋ? ಕಣ್ಣಾಗಿನ ಕಾಡಿಗಿ ಕೆಳಗ ಇಳದಂಗ ಕರಿ ಗೀಟು ಐತಿಲ್ಲೋ? ಕಣ್ಣಿನ ಪಾಪಿ ದುಂಡಗ ಐತಿಲ್ಲೋ? ಇದು ನೀರಹಾವು. ಕುತಿಗಿ ಅಗಲ ಮಾಡಿ ನಾಗಪ್ಪನಂಗ ವೇಷ ಹಾಕತೈತಿ, ಕಡೀತೈತಿ, ಆದ್ರ ವಿಷ ಇಲ್ಲ. ಮೈತುಂಬ ಸರಪಳಿ, ಮುಕ್ಕೋಣ ತಲಿ, ಕಮ್ಮಾರನ ತಿದಿ ಊದಿದಂಗ ಉಸಿರು ಇದ್ರ ಅದು ಕೊಳಕಮಂಡಲ. ಅದಕ್ಕ ಕೈಮುಗದು ದಾರಿ ಬಿಡ್ರಿ.’

ಆಳುಗಳು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಹಾವು ತಪ್ಪಿಸಿಕೊಂಡಿರುತ್ತಿತ್ತು. ಮಾವನವರಿಗೆ ಬೇಕಾದದ್ದೂ ಅಷ್ಟೇ.

ಈ ಪಾಠ ಗದ್ದೆಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕುಳಿತ ನೆಂಟರ ತಾಟಿಗೂ ಕೈಹಾಕಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಉದುರಿಸಿ ಚೌಕಳಿ ಬರೆದು ತೋರಿಸುತ್ತಿದ್ದರು. ಮರಿಯಮ್ಮನಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯ ಅಣ್ಣ ಆ ರೊಟ್ಟಿ ಮುಟ್ಟದೆ, ಬರೀ ಮಜ್ಜಿಗೆ ಕುಡಿದು ಬಸ್ಸಿಗೆ ಹೊರಟರು.

ಅತ್ತೆಯ ಪಾಡು ಕೇಳಬೇಡಿ. ಒಂದು ಮುಂಜಾನೆ ಬಚ್ಚಲಿಗೆ ಹೋದವರು ಅಷ್ಟೇ ಬೇಗ ಹೊರಬಂದು ಕಂಬಕ್ಕೆ ಒರಗಿ ನಿಂತರು.

‘ಹಂಡೆದಾಗ ನಿಮ್ಮ ನೀರಹಾವು ಕುಂತೈತ್ರಿ. ಎದ್ದು ಹೋಗಂತ ಹೇಳ್ರಿ.’

‘ಅದು ತಾನಾಗಿ ಬಂದಿಲ್ಲ, ನಾನ ತಂದೀನಿ. ಯಾರೋ ಕಲ್ಲು ಹೊಡದಾರ. ಎರಡು ದಿನ ತಣ್ಣಗ ಇರ್ಲಿ.’

‘ನಾ ಎಲ್ಲಿ ಜಳಕ ಮಾಡ್ಲಿ?’

‘ಹೊಳಿ ಐತೆಲ್ಲ.’

ಅತ್ತೆ ಸೀರೆ ಹೆಗಲಿಗೆ ಹಾಕಿ ಹೊಳೆಗೆ ನಡೆದರು. ಆದರೆ ಹಾವಿನ ಗಾಯ ಮಾಯುವವರೆಗೆ ಮಾವನವರ ಸಾರಿಗೆ ಉಪ್ಪು ಬೀಳಲಿಲ್ಲ. ಅವರಿಗದು ಗೊತ್ತಾಗಲೂ ಇಲ್ಲ.

ಇಂಥ ಮಾವನವರ ಸೊಸೆಗೇ ಹಾವು ಕಚ್ಚಬೇಕೆ?

ಮದುವೆಯಾಗಿ ಬಂದ ಮರುವರ್ಷದ ಮಾತು. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ತೇಲಿಹೋಗುತ್ತಿದ್ದ ಸೀರೆಯೊಂದನ್ನು ಹಿಡಿಯಲು ಜೊಂಡಿನೊಳಗೆ ಕಾಲಿಟ್ಟೆ. ಹಿಮ್ಮಡಿಯ ಮೇಲೆ ಚುರ್ ಎಂದಿತು. ಕಾಲೆತ್ತಿದರೆ ರಕ್ತ, ಕದಡಿದ ನೀರಿನಲ್ಲಿ ಒಂದು ಬಾಲ ಸರಿದು ಹೋಯಿತು. ಪಕ್ಕದ ಮನೆಯ ನೀಲವ್ವ, ‘ಹೆಡಿ ಎತ್ತಿತ್ತು, ನಾ ಕಣ್ಣಾರೆ ಕಂಡೆ, ನಾಗಪ್ಪ!’ ಎಂದು ಕೂಗಿಕೊಂಡಳು. ಆ ಒಂದು ಮಾತಿಗೆ ನಾನು ದಂಡೆ ಹತ್ತಿ ಅಲ್ಲೇ ಮಲಗಿಬಿಟ್ಟೆ. ನಾಲ್ಕು ಹೆಂಗಸರು ಕೂಡಿ ನನ್ನನ್ನು ಮನೆಗೆ ಹೊತ್ತು ತಂದರು.

ಪಡಸಾಲೆಯಲ್ಲಿ ಮಲಗಿಸಿ ಬಾಯಿಗೆ ಬೇವಿನ ಎಲೆ ಕೊಟ್ಟರು. ವಿಷವೇರಿದ್ದರೆ ಬೇವು ಕಹಿ ಹತ್ತುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಗಿದೆ. ದೇವರಾಣೆಗೂ ಕಹಿ ಹತ್ತಲಿಲ್ಲ. ಹೆದರಿ ಒಣಗಿದ ನಾಲಿಗೆಗೆ ಏನು ತಾನೇ ಹತ್ತೀತು? ಅದನ್ನು ಆಗ ಯಾರು ಯೋಚಿಸಬೇಕು? ‘ಕಹಿ ಇಲ್ಲ’ ಎಂದೆ. ಮನೆಯ ತುಂಬ ಅಳು ಎದ್ದಿತು. ಕಣ್ಣು ಮಂಜಾಗುತ್ತಿತ್ತು, ಉಸಿರು ಮೇಲಕ್ಕೇ ನಿಲ್ಲುತ್ತಿತ್ತು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿದಿರಲಿಲ್ಲ.

ಗದ್ದೆಯಿಂದ ಮಾವನವರು ಬಂದರು. ಆ ಕಾಲದಲ್ಲಿ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಅವರ ನೆರಳು ಕಂಡರೆ ಬಾಗಿಲ ಮರೆಗೆ ಸರಿಯುತ್ತಿದ್ದೆವು. ಅವರು ನೆಲಕ್ಕೆ ಕುಳಿತು ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡರು. ನಾನು ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ. ತಮ್ಮ ಧೋತರದ ಅಂಚಿನಿಂದ ರಕ್ತ ಒರೆಸಿ, ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದರು.

‘ಎರಡು ತೂತು ಇಲ್ಲ. ಸಣ್ಣ ಹಲ್ಲಿನ ಸಾಲು ಐತಿ. ಬಾವೂ ಬಂದಿಲ್ಲ. ನೀರಹಾವವ್ವಾ ಇದು. ಏನೂ ಆಗಂಗಿಲ್ಲ.’

‘ಹೆಡಿ ಎತ್ತಿತ್ರೀ’ ಎಂದಳು ನೀಲವ್ವ.

‘ಬೇವು ಕಹಿ ಹತ್ತವಲ್ದು’ ಎಂದರು ಅತ್ತೆ.

ನಂಬುವವರು ಯಾರು? ಊರಿನ ಹಾವುಗಳನ್ನೆಲ್ಲ ನಿರಪರಾಧಿ ಎನ್ನುವ ಮನುಷ್ಯನ ಮಾತು. ನಾನೂ ನಂಬಲಿಲ್ಲ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮುಖಗಳನ್ನು ನೋಡುವ ಅಭ್ಯಾಸವೇ ಇಲ್ಲದವರು ಹಾಗೆ ನೋಡಿದಾಗ ನನಗೆ ಇನ್ನಷ್ಟು ಅಳು ಬಂತು. ಕಾಲನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು.

‘ಸೊಸಿ ಹಿಂಗ ಬಿದ್ದಾಳ, ಎಲ್ಲಿಗೆ ಹೊಂಟ್ರಿ?’ ಎಂದು ಅತ್ತೆ ಕೇಳಿದರು. ಅವರು ಆಗಲೇ ಹಿತ್ತಲಿಗೆ ಇಳಿದಿದ್ದರು.

ಮರಳಿದಾಗ ಅವರು ಸೊಂಟದವರೆಗೆ ತೊಯ್ದಿದ್ದರು. ಕೈಯಲ್ಲಿ ಹಾವಿತ್ತು. ಹೆಂಗಸರೆಲ್ಲ ಗೋಡೆಗೆ ಅಂಟಿಕೊಂಡರು. ಅವರು ನನ್ನ ಪಕ್ಕಕ್ಕೆ ಬಂದು, ‘ಆ ಜೊಂಡಿನಾಗ ಇದ್ದದ್ದು ಇದೊಂದ. ನೋಡು, ಚೌಕಳಿ ಐತಿ’ ಎಂದರು. ನಾನು ಕಣ್ಣು ಮುಚ್ಚಿಕೊಂಡೆ.

‘ಕಣ್ಣು ತೆಗಿ. ನನ್ನ ಮಾತು ನಂಬಬ್ಯಾಡ, ಇದನ್ನ ನೋಡು’ ಎಂದು ಎಡ ಮುಂಗೈಯನ್ನು ಹಾವಿನ ಬಾಯಿಗೆ ಒಡ್ಡಿದರು. ಮೊದಲೇ ರೇಗಿದ್ದ ಹಾವು ಸಂಕೋಚಪಡಲಿಲ್ಲ. ಅತ್ತೆ ‘ಶಿವನೇ’ ಎಂದು ಕುಸಿದು ಕುಳಿತರು. ಮಾವನವರ ಮುಂಗೈಯಲ್ಲೂ ರಕ್ತ ಜಿನುಗಿತು. ಹಾವನ್ನು ಹಿತ್ತಲಿನ ನೀರಕಾಲುವೆಗೆ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತರು.

‘ಇನ್ನ ನಿನಗ ಏನ್ ಆಗತೈತೋ ನನಗೂ ಅದ ಆಗತೈತಿ. ನೀ ಒಬ್ಬಾಕೇ ಇಲ್ಲ.’ ಆಮೇಲೆ ಅತ್ತೆಯತ್ತ ತಿರುಗಿ, ‘ಹಸಿವಾಗೇತಿ. ರೊಟ್ಟಿ ಹಾಕ್ರಿ’ ಎಂದರು.

ನಾಗರ ವಿಷವೇರಿದರೆ ಮೊದಲು ರೆಪ್ಪೆ ಜೋಲುತ್ತದೆ ಎನ್ನುವರು; ನಾನು ಅವರ ರೆಪ್ಪೆಗಳನ್ನೇ ನೋಡುತ್ತ ಮಲಗಿದ್ದೆ. ಈಗ ಜೋತುಬಿದ್ದಾವು, ಆಗ ಜೋತುಬಿದ್ದಾವು ಎಂದು ಕಾದೆ. ಅವರು ನನ್ನನ್ನೇ ನೋಡುತ್ತ ರೊಟ್ಟಿ ಮುಗಿಸಿದರು, ಪುಂಡಿಪಲ್ಯ ಇನ್ನಷ್ಟು ಕೇಳಿದರು, ಪಲ್ಯದಲ್ಲಿ ಬೆಳ್ಳುಳ್ಳಿ ಕಡಿಮೆ ಎಂದರು. ಸಾಯುವವರು ಬೆಳ್ಳುಳ್ಳಿಯ ಲೆಕ್ಕ ಕೇಳುತ್ತಾರೆಯೇ? ನನ್ನ ಉಸಿರು ತಾನಾಗಿ ಕೆಳಗಿಳಿಯಿತು. ಬಾಯಲ್ಲಿ ಉಳಿದಿದ್ದ ಬೇವು ಒಮ್ಮೆಲೇ ಕಹಿಯಾಯಿತು, ಎಷ್ಟೆಂದರೆ ಎದ್ದು ಕುಳಿತು ಉಗಿದೆ. ನೀಲವ್ವ ಮೆಲ್ಲಗೆ ಮನೆಗೆ ಹೋದಳು.

ಹೊತ್ತು ಮುಳುಗುವಾಗ ಹಿತ್ತಲಿನಿಂದ ಎತ್ತಿನ ಗಂಟೆಯ ಸದ್ದು ಕೇಳಿತು. ಯಾರು ಬಂದರು ಎಂದು ಅತ್ತೆಯನ್ನು ಕೇಳಿದೆ.

‘ಯಾರೂ ಬಂದಿಲ್ಲ, ಬಂಡಿ ಬಿಚ್ಚಾಕ ಹತ್ಯಾರ’ ಎಂದರು ಅತ್ತೆ. ‘ಹಾವು ಹಿಡಿಯಾಕ ಹೋಗೋ ಮುಂದ ನಿನ್ನ ಗಂಡಗ ಹೇಳಿದ್ರು, ಗಾದಿ ಹಾಸಿ ಬಂಡಿ ಹೂಡಿಟ್ಟಿರು, ಆಕಿ ರೆಪ್ಪಿ ಒಂದೀಟು ಜೋತ್ರೂ ಹೊಸಪೇಟಿ ದವಾಖಾನಿಗೆ ಹೊಡೀಬೇಕು ಅಂತ. ಆಕಿಗೆ ಗೊತ್ತಾಗಬಾರದು ಅಂತನೂ ಹೇಳಿದ್ರು.’

ಅವರು ರೊಟ್ಟಿ ತಿನ್ನುತ್ತ ನನ್ನ ಕಣ್ಣುಗಳನ್ನೇ ನೋಡುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು.

ಕುಂಟುತ್ತ ಹಿತ್ತಲ ಬಾಗಿಲಿಗೆ ಹೋದೆ. ನನ್ನ ಯಜಮಾನರು ಗಾದಿ ಹೊತ್ತು ಒಳಗೆ ಬರುತ್ತಿದ್ದರು. ಮಾವನವರು ನೊಗದಿಂದ ಬಿಚ್ಚಿದ ಎತ್ತಿನ ಕುತ್ತಿಗೆಗೆ ಹಣೆ ಹಚ್ಚಿ ನಿಂತಿದ್ದರು. ಭುಜಗಳು ಅಲುಗುತ್ತಿದ್ದವು. ಎತ್ತು ಅಲುಗದೆ ನಿಂತಿತ್ತು.

ಮರೆಗೆ ಸರಿಯಬೇಕಾದವಳು ನಾನು. ಸರಿಯಲಿಲ್ಲ.

‘ಅಪ್ಪಾ, ಒಳಗ ಬರ್ರಿ’ ಎಂದೆ. ನಾನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಅವರು ತಿರುಗಲಿಲ್ಲ. ‘ಬಂದೆ ಮಗಳ, ಎತ್ತಿಗೆ ನೀರು ಕುಡಿಸಿ ಬರ್ತೀನಿ’ ಎಂದರು.

ಎತ್ತುಗಳು ನೀರು ಕುಡಿದಾಗಿತ್ತು. ಅವುಗಳ ಗದ್ದದಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ನಾನು ಹೊಸ್ತಿಲ ಮೇಲೆ ಕುಳಿತು ಕಾದೆ.