ಮೈಕು ಗುಂಡ್ಲುಪೇಟೆಯವನ ಕೈಲಿ

ಗೌರಿ ಹಬ್ಬ ಬಂತೆಂದರೆ ಬೇರೆಯವರಿಗೆ ಬಾಗಿನ, ಕಡುಬು, ಹೊಸ ಸೀರೆ ನೆನಪಾಗುತ್ತವೆ. ನನಗೆ ಹೊಟ್ಟೆ ಉರಿಯಲು ಶುರುವಾಗುತ್ತದೆ. ಗಣೇಶ ಹಬ್ಬ, ಓಣಂ, ದಸರಾ ಎಲ್ಲ ದಾಟಿ ರಾಜ್ಯೋತ್ಸವದ ಕೊನೆಯ ಆರ್ಕೆಸ್ಟ್ರಾ ನಿಲ್ಲುವವರೆಗೂ ಆ ಉರಿ ಆರುವುದಿಲ್ಲ. ಈ ವರ್ಷವಾದರೂ ಸುಮ್ಮನಿರೋಣ ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಯಾವುದಾದರೂ ಊರಿನವರು ಫೋನ್ ಮಾಡುತ್ತಾರೆ, ಏನಾದರೊಂದು ಆಗಿಯೇ ತೀರುತ್ತದೆ.

ನಾನು ಚಾಮರಾಜನಗರದಲ್ಲಿ ಹಗಲೆಲ್ಲ ಒಂದು ಸಹಕಾರ ಸಂಘದ ಗುಮಾಸ್ತ, ಸಂಜೆ ಯಾರಾದರೂ ಕರೆದರೆ ನಿರೂಪಕ. ಅಂದರೆ ವೇದಿಕೆಯ ಮೂಲೆಯಲ್ಲಿ ನಿಂತು ‘ಈಗ ಪ್ರಾರ್ಥನೆ’, ‘ಈಗ ಸ್ವಾಗತ’, ‘ಬಿಳಿ ಬಣ್ಣದ ಕಾರು ದಾರಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೆಯಿರಿ’ ಎಂದು ಹೇಳುವವನು. ಅತಿಥಿಗಳು ತಡ ಮಾಡಿದರೆ ಅವರು ಬರುವವರೆಗೂ ಜನ ಎದ್ದು ಹೋಗದ ಹಾಗೆ ಹಿಡಿದು ಕೂರಿಸುವವನೂ ನಾನೇ. ಈ ಕೆಲಸದಲ್ಲಿ ನನಗಿರುವುದು ಒಂದೇ ಆಸೆ. ನಮ್ಮೂರಿನ ದಸರಾದ ದೊಡ್ಡ ವೇದಿಕೆಯಲ್ಲಿ ಒಂದು ಸಂಜೆ, ಒಂದೇ ಒಂದು ಸಂಜೆ, ಮೈಕು ನನ್ನ ಕೈಲಿರಬೇಕು. ಆ ಆಸೆಗೆ ಅಡ್ಡ ನಿಂತಿರುವವನು ಗುಂಡ್ಲುಪೇಟೆಯವನು.

ಅವನಿಗೆ ಅಲ್ಲಿ ಒಂದು ಮೊಬೈಲ್ ಅಂಗಡಿ ಇದೆ. ನನಗಿಂತ ಚಿಕ್ಕವನು. ಕನ್ನಡ, ತಮಿಳು, ಮಲಯಾಳಂ, ಉರ್ದು ಯಾವುದರಲ್ಲಿ ಬೇಕಾದರೂ ಜನರನ್ನು ನಗಿಸುತ್ತಾನೆ. ಹಾಡುತ್ತಾನೆ, ಮಿಮಿಕ್ರಿ ಮಾಡುತ್ತಾನೆ. ತಲೆ ತುಂಬ ಕೂದಲು ಬೇರೆ. ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನನ್ನು ಕಂಡ ಕೂಡಲೇ ‘ಗುರುಗಳೇ’ ಎಂದು ಕಾಲಿಗೆ ಬೀಳುತ್ತಾನೆ. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡೋಣ ಎಂದರೆ ಅದಕ್ಕೂ ಬಿಡುವವನಲ್ಲ.

ಇಲ್ಲದ ಪುಳಿಯೋಗರೆ

ಒಂದು ವರ್ಷ ಗಣೇಶ ಹಬ್ಬಕ್ಕೆ ಉಡಿಗಾಲದಿಂದ ಕರೆ ಬಂತು. ಮೇಲಿನ ಬೀದಿಯವರದೊಂದು ಗಣಪತಿ, ಕೆಳಗಿನ ಬೀದಿಯವರದೊಂದು. ಎರಡು ಪೆಂಡಾಲುಗಳೂ ಎದುರುಬದುರು, ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಜಾಗ. ಎರಡು ಕಡೆಯೂ ಅದೇ ಸಂಜೆ ಕಾರ್ಯಕ್ರಮ. ಮೇಲಿನ ಬೀದಿಗೆ ನಾನು. ಕೆಳಗಿನ ಬೀದಿಗೆ ಯಾರೆಂದು ವೇದಿಕೆ ಹತ್ತಿದ ಮೇಲೆ ಗೊತ್ತಾಯಿತು. ಎದುರಿನಿಂದ ‘ಗುರುಗಳೇ, ನಮಸ್ಕಾರ’ ಎಂದು ಅವನ ಮೈಕು ಕೂಗಿತು.

ನಾನು ಗಣಪತಿಯ ಮಹಿಮೆ ಹೇಳುತ್ತಿದ್ದೆ. ಅವನು ಮಿಕ್ಸಿಯ ಸದ್ದು, ಅತ್ತೆಯ ಗೊರಕೆ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಎಲ್ಲ ಮಾಡಿ ತೋರಿಸುತ್ತಿದ್ದ. ನನ್ನ ಮುಂದಿದ್ದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಕೆಲವರು ಎದ್ದು ಹೋಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಕೂತಲ್ಲೇ ಕುರ್ಚಿ ತಿರುಗಿಸಿಕೊಂಡರು. ಅವರ ಬೆನ್ನುಗಳಿಗೆ ನಾನು ಗಣಪತಿ ಮಹಿಮೆ ಹೇಳಿದೆ.

ಮೇಲಿನ ಬೀದಿಯ ಗಣಪತಿ ಸಂಘದ ಅಧ್ಯಕ್ಷರು ಬಂದು ಕಿವಿಯಲ್ಲಿ ಅಂದರು, “ಸಾ, ಜನ ಎಲ್ಲಾ ಆ ಕಡೀಕೆ ಓಯ್ತಾವ್ರೆ. ಏನಾರ ಮಾಡಿ ಸಾ.”

ನನಗೂ ರೋಷ ಬಂತು. ಮೈಕನ್ನು ಬಾಯಿಗೆ ಒತ್ತಿ ಹಿಡಿದು, “ಮಹಾಜನಗಳೇ, ಇದೀಗ ನಮ್ಮ ಪೆಂಡಾಲಿನಲ್ಲಿ ಬಿಸಿಬಿಸಿ ಪುಳಿಯೋಗರೆ ಪ್ರಸಾದ ವಿನಿಯೋಗ” ಎಂದುಬಿಟ್ಟೆ.

ಎದುರಿನ ಪೆಂಡಾಲಿನಲ್ಲಿ ನಗು ನಿಂತಿತು. ಕುರ್ಚಿಗಳು ಮತ್ತೆ ತಿರುಗಿದವು. ಅಜ್ಜಿಯರು, ಮಕ್ಕಳು, ಕೆಳಗಿನ ಬೀದಿಯ ಕಾರ್ಯಕರ್ತರು ಕೂಡ ನಮ್ಮ ಕಡೆ ನುಗ್ಗಿ ಬಂದರು. ಅವನ ಮುಂದೆ ಯಾರೂ ಉಳಿಯಲಿಲ್ಲ. ಆ ಕ್ಷಣದ ಸುಖವನ್ನು ನಾನು ಇವತ್ತಿಗೂ ನೆನೆದು ಚಪ್ಪರಿಸುತ್ತೇನೆ.

ಅಧ್ಯಕ್ಷರ ಮುಖ ಮಾತ್ರ ಬಿಳುಚಿಕೊಂಡಿತ್ತು. “ಅಲ್ಲ ಸಾ, ಪುಳಿಯೋಗ್ರೆ ಎಲ್ಲದ? ನಾವ್ ಮಡಗಿರಾದು ಒಂದ್ ಬಟ್ಲು ಕಡ್ಲೆ ಉಸ್ಲಿ. ಅದೂ ಗಣಪತಿ ಮುಂದೆ ಅದ.”

ಜನ ಎಲೆ ಹಿಡಿದು ನಿಂತಿದ್ದಾರೆ. ಒಬ್ಬ ಅಜ್ಜಿ, “ಎಲ್ ಬಡುಸ್ತೀರಪ್ಪ, ಬೇಗ ಯೋಳಿ” ಎನ್ನುತ್ತಿದ್ದಾರೆ. ನಾನು ಮೈಕು ಹಿಡಿದು ಗಣಪತಿಯ ಮುಖ ನೋಡುತ್ತಿದ್ದೇನೆ. ಆಗ ಎದುರಿನಿಂದ ಅವನ ದನಿ ಬಂತು. “ಗುರುಗಳು ಹೇಳಿದ್ದು ಸರಿ. ಇವತ್ತು ಎರಡು ಬೀದಿಗೂ ಒಂದೇ ಪ್ರಸಾದ. ಪುಳಿಯೋಗರೆ ನಮ್ಮ ಕಡೆ ತಯಾರಾಗಿದೆ, ಎಲ್ಲರೂ ಇಲ್ಲಿಗೇ ಬನ್ನಿ.”

ಕೆಳಗಿನ ಬೀದಿಯವರು ನಿಜವಾಗಿಯೂ ಒಂದು ಕೊಪ್ಪರಿಗೆ ಪುಳಿಯೋಗರೆ ಮಾಡಿಸಿದ್ದರು. ಜನ ಬಂದ ಹಾಗೆಯೇ ತಿರುಗಿ ಹೋದರು. ಅಧ್ಯಕ್ಷರೂ ಹೋದರು. ಕೊನೆಗೆ ನಾನೂ ಹೋಗಿ ಸಾಲಿನಲ್ಲಿ ನಿಂತೆ. ಉಪ್ಪು ಸ್ವಲ್ಪ ಕಮ್ಮಿಯಿತ್ತು. ಆ ಸಂಜೆ ನನಗೆ ಸಿಕ್ಕಿದ ಸಮಾಧಾನ ಅದೊಂದೇ.

ಜನ ನಕ್ಕ ಜಾಗ

ನಮ್ಮೂರಿನಲ್ಲಿ ಶಾಮಿಯಾನ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಭಾಯ್ ನನ್ನ ಹಳೆಯ ಸ್ನೇಹಿತರು. ಗಣಪತಿಗೂ ಅವರದೇ ಮೈಕು, ಉರುಸಿಗೂ ಅವರದೇ ಮೈಕು. ಈದ್ ಮಿಲಾದ್ ಸಂಜೆ ಅವರ ಮೊಹಲ್ಲಾದಲ್ಲಿ ಮಕ್ಕಳಿಗೆ ಬಹುಮಾನ ಕೊಡುವ ಕಾರ್ಯಕ್ರಮ ಇರುತ್ತದೆ. ಹಿಂದಿನ ಸಲ ನಾನೇ ನಿರೂಪಣೆ ಮಾಡಿದ್ದೆ. ಈ ಸಲ ಗುಂಡ್ಲುಪೇಟೆಯವನನ್ನು ಕರೆಸಿದ್ದಾರೆಂದು ತಿಳಿದು ನೇರ ಅಂಗಡಿಗೆ ಹೋದೆ.

“ಏನ್ ಭಾಯ್, ನನ್ನನ್ನ ಕರೀಬಹುದಿತ್ತಲ್ಲ?”

ಭಾಯ್ ವೈರು ಸುತ್ತುವುದನ್ನು ನಿಲ್ಲಿಸದೆ ಹೇಳಿದರು, “ಹೋದ ಸಲ ನೀವು ಉರ್ದುನಲ್ಲಿ ಮಾತಾಡಿದ್ರಲ್ಲ ಸಾರ್, ನೆನಪಿದೆಯಾ?”

“ಯಾಕಿಲ್ಲ? ಜನ ಎಷ್ಟು ನಕ್ಕರು ಅಂತೀರಿ. ಮುಂದಿನ ಸಾಲಿನ ಹಿರಿಯರಂತೂ ಕಣ್ಣು ಒರೆಸಿಕೊಂಡರು.”

“ಅದು ತೀರಿಹೋದವರನ್ನ ನೆನೆಸಿಕೊಳ್ಳೋ ಟೈಮು ಸಾರ್.”

ಶರಿ, ಶರಿ

ಓಣಂ ಹತ್ತಿರವಾದಾಗ ಗುಂಡ್ಲುಪೇಟೆ ಸುತ್ತಮುತ್ತ ಹೊಲಗಳಲ್ಲಿ ಚೆಂಡು ಹೂವು ಅರಳಿ ನಿಂತಿರುತ್ತದೆ. ಕೇರಳದ ಕಾರು, ಬಸ್ಸುಗಳು ರಸ್ತೆ ಬದಿಗೆ ನಿಲ್ಲುತ್ತವೆ. ಅವರು ಇಳಿದು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಹಳ್ಳಿಯ ಯುವಕರು, ಇಷ್ಟು ಜನ ಬರುವಾಗ ನಾವೂ ಸ್ವಾಗತ ಮಾಡೋಣ ಎಂದು ಹೊಲದ ಬದಿಯಲ್ಲಿ ಶಾಮಿಯಾನ ಹಾಕಿ, ಪಾಯಸ ಮಾಡಿಸಿ, ಹಾಡಿಗೆ ಹುಡುಗಿಯರನ್ನು ಒಪ್ಪಿಸಿದರು. ಗುಂಡ್ಲುಪೇಟೆಯವನು ಅಂದು ವಯನಾಡಿನಲ್ಲಿ ಕಾರ್ಯಕ್ರಮಕ್ಕೆ ಹೋಗಿದ್ದ. ಹೊರರಾಜ್ಯಕ್ಕೆ ಬೇರೆ ಕರೆಯುತ್ತಾರೆ ಅವನನ್ನು. ಹಾಗಾಗಿ ನನ್ನನ್ನು ಕರೆದರು.

ಮಲಯಾಳಂ ಏನು ಮಹಾ, ಅವನಿಗೆ ಬರುವುದು ನನಗೆ ಬರುವುದಿಲ್ಲವೇ ಎಂದು ನಮ್ಮ ಬೀದಿಯ ಬೇಕರಿಯ ಮಲಯಾಳಿಯ ಹತ್ತಿರ ಸ್ವಾಗತದ ಮಾತು ಕಲಿತೆ. “ಅವರು ಏನಾದರೂ ಕೇಳಿದರೆ?” ಎಂದೆ.

“‘ಶರಿ’ ಅನ್ನಿ ಸಾರ್. ಆಯ್ತು ಅಂತ ಅರ್ಥ. ಅದೊಂದ್ರಲ್ಲೇ ಕೇರಳ ಪೂರ್ತಿ ಸುತ್ತಿ ಬರಬಹುದು.”

ಸ್ವಾಗತ ಚೆನ್ನಾಗಿಯೇ ಆಯಿತು. ಚಪ್ಪಾಳೆ ಬಿತ್ತು. ಬಿಳಿ ಸೀರೆಯ ಒಬ್ಬ ಹಿರಿಯ ಹೆಂಗಸು ನನ್ನ ಹತ್ತಿರ ಬಂದು, ಹೂವಿನ ಕಡೆ ಕೈ ತೋರಿಸಿ, ನಗುನಗುತ್ತ ಏನೋ ಉದ್ದಕ್ಕೆ ಕೇಳಿದರು. ಹೂವು ಚೆನ್ನಾಗಿದೆ ಎನ್ನುತ್ತಿರಬೇಕು ಎಂದುಕೊಂಡು “ಶರಿ, ಶರಿ” ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ನಾನು ಇನ್ನಷ್ಟು ಧಾರಾಳವಾಗಿ, ಮೈಕಿನಲ್ಲೇ “ಶರಿ, ಶರಿ” ಎಂದೆ.

ಅವರು ಬಸ್ಸಿನ ಕಡೆ ತಿರುಗಿ ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ಚೀಲ, ಕವರು ಹಿಡಿದು ಇಳಿದರು. ನೋಡನೋಡುತ್ತಿದ್ದಂತೆ ಹೊಲದ ಒಂದು ಅಂಚು ಬೋಳಾಯಿತು. ಅಷ್ಟರಲ್ಲಿ ಹೊಲದ ಒಡತಿ ಕುಡುಗೋಲು ಹಿಡಿದೇ ಓಡಿ ಬಂದಳು. “ಯಾರ್ಲಾ ಕುಯ್ಕಳಿ ಅಂದಿದ್ದು?” ಎಂದು ಕೇಳಿದಳು. ಅವಳ ಭಾಷೆ ಅವರಿಗೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ಎಲ್ಲರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು.

“ನೀವ್ಯಾರಪ್ಪ ನಮ್ ಒಲದ ಊವ ದಾನ ಮಾಡಕೆ?” ಎಂದಳು ಆ ಹೆಣ್ಣುಮಗಳು. ಇದಕ್ಕೆ ‘ಶರಿ’ ಎನ್ನುವ ಹಾಗಿರಲಿಲ್ಲ.

ಯುವಕರು ಗುಂಡ್ಲುಪೇಟೆಯವನಿಗೆ ಫೋನ್ ಮಾಡಿ ನನ್ನ ಮೈಕಿನ ಮುಂದೆ ಹಿಡಿದರು. ಅವನು ವಯನಾಡಿನಿಂದಲೇ ಮಲಯಾಳಂನಲ್ಲಿ ಏನೋ ಹೇಳಿದ. ಬಸ್ಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಏನು ಹೇಳಿದನೋ, ನಗುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಂತರ ಕಿತ್ತ ಹೂವಿಗೆಲ್ಲ ಸರಿಯಾದ ಬೆಲೆ ಕೊಟ್ಟು, ಇನ್ನೂ ಬೇಕೆಂದು ಕೇಳಿ ಕೊಯ್ಯಿಸಿಕೊಂಡು ಹೋದರು. ಒಡತಿಯ ಮುಖ ಅರಳಿತು. ಹೊರಡುವಾಗ ನನಗೂ ಒಂದು ಲೋಟ ಪಾಯಸ ಕೊಟ್ಟು ಹೇಳಿದಳು, “ಬರಾ ವರ್ಸ ಆ ಪೋನಲ್ಲಿ ಮಾತಾಡ್ದೋರ್ನ ಕರ್ಸನ. ನೀವೂ ಬನ್ನಿ ಸಾ, ಪಾಯ್ಸ ಕುಡ್ಕಂಡೋಗಿ. ಬಾಯ್ ಮಾತ್ರ ಬುಡಬೇಡಿ.”

ಪೇಟ

ಹರವೆಯಲ್ಲಿ ರಾಜ್ಯೋತ್ಸವಕ್ಕೆ ನಮ್ಮಿಬ್ಬರಿಗೂ ಸನ್ಮಾನ ಮಾಡಿದರು. ಅವನಿಗೆ ಇಟ್ಟ ಮೈಸೂರು ಪೇಟ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ನನ್ನದು ತಲೆಗೆ ಇಳಿಯಲೇ ಇಲ್ಲ. ಫೋಟೋ ತೆಗೆಯುವಾಗ ಬಿದ್ದೀತೆಂದು ಕೈಯಲ್ಲೇ ಹಿಡಿದುಕೊಂಡು ನಿಂತೆ. ಆ ಫೋಟೋವನ್ನು ನನ್ನ ಹೆಂಡತಿ ಪಕ್ಕದ ಮನೆಯಾಕೆಗೆ ತೋರಿಸುತ್ತಿದ್ದಳು.

“ಇವನೇ ಕಣ್ರೀ ಗುಂಡ್ಲುಪೇಟೆಯವನು.”

“ಅಬ್ಬಾ, ಒಳ್ಳೆ ಮದುವೆ ಗಂಡಿನ ಹಾಗವ್ರಲ್ಲ. ಪಕ್ಕದಲ್ಲಿ ಅವ್ರ ಇನ್ನೊಂದು ಪೇಟ ಹಿಡ್ಕೊಂಡಿರೋದ್ಯಾರು?”

“ಅದು ನಮ್ಮ ಮನೆಯವರು.”

ದೊಡ್ಡ ವೇದಿಕೆ

ಕಳೆದ ದಸರಾಕ್ಕೆ ಮುಂಚೆ ಸಮಿತಿಯವರ ಫೋನ್ ಬಂತು. “ಸಾರ್, ಈ ಸಲ ದೊಡ್ಡ ವೇದಿಕೆಗೆ ನಿರೂಪಣೆ ನಿಮ್ಮದೇ.”

ನಾನು ಕೂತಿದ್ದವನು ಎದ್ದು ನಿಂತೆ. “ಗುಂಡ್ಲುಪೇಟೆಯವನು?”

“ಅವರು ಈ ಸಲ ಮೈಕ್ ಹಿಡಿಯೋ ಹಾಗಿಲ್ಲ ಸಾರ್.”

“ಅಯ್ಯೋ ಪಾಪ, ಗಂಟಲು ಹೋಗಿದೆಯಾ?” ಎಂದು ನನ್ನ ಕೈಲಾದಷ್ಟು ದುಃಖ ತಂದುಕೊಂಡು ಕೇಳಿದೆ.

“ಇಲ್ಲ ಸಾರ್, ಈ ಸಲ ಸನ್ಮಾನ ಅವರಿಗೇ.”

ಬಂದ ಸಂತೋಷ ಅರ್ಧ ಇಳಿಯಿತು. ಆದರೂ ಮೈಕು ನನ್ನ ಕೈಲಿ ತಾನೇ? ಅವನು ಶಾಲು ಹೊದ್ದು ಸುಮ್ಮನೆ ಕೂತಿರಲಿ, ಮಾತು ನನ್ನದು. ಹೊಸ ಪಂಚೆ, ಹೊಸ ಶರಟು ಕೊಂಡೆ. ಹೆಂಡತಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಸಿದೆ. ಇಷ್ಟು ವರ್ಷ ನನ್ನ ನಿರೂಪಣೆ ಕೇಳಲು ಬಾ ಎಂದರೆ “ಮನೇಲಿ ಕೇಳೋದು ಸಾಲದಾ” ಎನ್ನುತ್ತಿದ್ದವಳು ಅಂದು ರೇಷ್ಮೆ ಸೀರೆ ಉಟ್ಟು ಬಂದಳು.

ವೇದಿಕೆಗೆ ಹೋದ ಮೇಲೆ ಕಾರ್ಯದರ್ಶಿ ಇನ್ನೊಂದು ವಿಷಯ ತಿಳಿಸಿದರು. ಸನ್ಮಾನಕ್ಕೆ ಮುಂಚೆ ಅವನ ಬಗ್ಗೆ ಅಭಿನಂದನೆಯ ಮಾತೂ ನಾನೇ ಆಡಬೇಕಂತೆ. “ಅವರ ಗುರುಗಳು ನೀವೇ ಅಂತೆ, ಅವರೇ ಹೇಳಿದ್ರು.”

ಎರಡು ಮಾತಿನಲ್ಲಿ ಮುಗಿಸಿಬಿಡೋಣ ಎಂದುಕೊಂಡು ಮೈಕ್ ಸೆಟ್ಟಿನ ಹತ್ತಿರ ನಿಂತಿದ್ದೆ. ಭಾಯ್ ನನ್ನ ಮುಖ ನೋಡಿಯೇ ತಿಳಿದುಕೊಂಡರು. “ಸಾರ್, ಒಳ್ಳೆ ಮೈಕು ಹಾಕಿದೀನಿ ಇವತ್ತು. ಹೊಟ್ಟೆಕಿಚ್ಚು ಇದ್ರೂ ಕೇಳಿಸ್ತದೆ. ನೋಡ್ಕೊಂಡು ಮಾತಾಡಿ” ಎಂದರು.

ಅದು ನನಗೆ ನಾಟಿತು. ಇಷ್ಟು ವರ್ಷ ಕಾದು ಪಡೆದ ವೇದಿಕೆ. ಇವನಿಗೆ ಹೊಟ್ಟೆಕಿಚ್ಚು ಎಂದು ಊರೇ ಆಡಿಕೊಳ್ಳುವಂತಾಗಬಾರದು. ಮೈಕು ಹಿಡಿದು ಹೊಗಳಲು ಶುರು ಮಾಡಿದೆ.

ಹೊಗಳಲು ನಿಂತ ಮೇಲೆ ಒಂದು ಸಂಗತಿ ಗೊತ್ತಾಯಿತು. ಅವನ ವಿಷಯ ನನ್ನಷ್ಟು ಚೆನ್ನಾಗಿ ಈ ಜಿಲ್ಲೆಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಯಾವ ಊರಿನಲ್ಲಿ ಏನು ಹೇಳಿ ನಗಿಸಿದ, ಕರೆಂಟು ಹೋದಾಗ ಯಾವ ಹಾಡು ಹೇಳಿ ಜನರನ್ನು ಕೂರಿಸಿದ, ಅಳುವ ಮಗುವನ್ನು ವೇದಿಕೆಯಿಂದಲೇ ಹೇಗೆ ಸಮಾಧಾನ ಮಾಡಿದ, ಎಲ್ಲ ನನಗೆ ಬಾಯಿಪಾಠ. ಅವನ ಅಭಿಮಾನಿಗಳು ನಕ್ಕು ಮನೆಗೆ ಹೋಗಿ ಮಲಗಿದ್ದರು. ನಾನು ನಿದ್ದೆ ಬಾರದೆ ಅದನ್ನೇ ಮೆಲುಕು ಹಾಕಿದವನು.

ಒಂದೊಂದು ಮಾತಿಗೂ ಚಪ್ಪಾಳೆ ಬಿತ್ತು. ಜನ ನಕ್ಕರು, ನಗಬೇಕಾದ ಜಾಗದಲ್ಲೇ ನಕ್ಕರು. ನಾನು ಕರುಬಿದ್ದೆಲ್ಲ ಅಂದು ಹೊಗಳಿಕೆಯಾಗಿ ಹೊರಬಂತು. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಇನ್ನು ಮುಂದೆ ಪ್ರತಿ ದಸರಾಕ್ಕೂ ನನ್ನನ್ನೇ ಕರೆಯುತ್ತಾರೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಲೇ, “ಇಂಥ ಮಾತುಗಾರ ನಮ್ಮ ನಡುವೆ ಇರುವುದು ನಮ್ಮ ಪುಣ್ಯ” ಎಂದು ಮುಗಿಸಿದೆ.

ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು. “ಸಾ, ಇಷ್ಟೆಲ್ಲ ಯೋಳ್ಬುಟ್ಟು ಅವ್ರ್ನ ಸುಮ್ನೆ ಕೂರ್ಸದ್ರೆ ಎಂಗೆ? ಮೈಕ ಅವ್ರ ಕೈಗೆ ಕೊಡಿ.”

ಇನ್ನೊಬ್ಬರು ಹೌದೆಂದರು. ಆಮೇಲೆ ಒಂದು ಮೂಲೆ ಪೂರ್ತಿ ಹೌದೆಂದಿತು. ಅವನು ಎದ್ದು ನಿಂತು ಕೈ ಮುಗಿದು, “ಬೇಡ, ಇದು ಗುರುಗಳ ವೇದಿಕೆ” ಎಂದ. ಅಷ್ಟು ವಿನಯ ಕಂಡ ಮೇಲೆ ಜನ ಬಿಡುತ್ತಾರೆಯೇ? ‘ಮೈಕು, ಮೈಕು’ ಎಂದು ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದರು. ಮುಂದಿನ ಸಾಲಿನಲ್ಲಿ ಒಂದು ಜೊತೆ ಕೈಗಳು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವು. ಬಳೆಗಳ ಸದ್ದು ವೇದಿಕೆಯವರೆಗೂ ಕೇಳುತ್ತಿತ್ತು. ನೋಡಿದರೆ ನನ್ನ ಹೆಂಡತಿ.

ದಸರಾ ಸಮಿತಿಯ ಅಧ್ಯಕ್ಷರು ಕಣ್ಣಿನಲ್ಲೇ ‘ಕೊಟ್ಟುಬಿಡಿ’ ಎಂದರು. ಕೊಟ್ಟೆ. ಆಮೇಲೆ ಆ ಸಂಜೆ ಪೂರ್ತಿ ಅವನೇ ನಡೆಸಿದ. ನಾನು ಅವನು ಬಿಟ್ಟೆದ್ದ ಸನ್ಮಾನದ ಕುರ್ಚಿಯಲ್ಲಿ ಕೂತು ನೋಡಿದೆ. ಬೇಡವೆಂದುಕೊಂಡರೂ ಮೂರ್ನಾಲ್ಕು ಸಲ ನಗು ಬಂತು.

ಕಾರ್ಯಕ್ರಮ ಮುಗಿದು ವೇದಿಕೆಯ ಮೆಟ್ಟಿಲು ಇಳಿಯುವಾಗ ಹೆಂಡತಿ ಎದುರಾದಳು. ತಡೆಯಲಾರದೆ ಕೇಳಿಯೇ ಬಿಟ್ಟೆ. “ಊರೋರು ಬಿಡು. ಕಟ್ಟಿಕೊಂಡವಳು ನೀನು. ನನ್ನ ಕೈಲಿದ್ದ ಮೈಕು ಅವನಿಗೆ ಕೊಡಿಸೋಕೆ ಹಾಗೆ ಚಪ್ಪಾಳೆ ತಟ್ಟೋದಾ?”

“ನಾನೇನು ಮಾಡ್ಲಿ? ಅವನು ಅಷ್ಟು ಚೆನ್ನಾಗಿ ಮಾತಾಡ್ತಾನೆ ಅಂತ ನೀವೇ ಹೇಳಿದ್ರಿ” ಎಂದಳು. “ಮದುವೆಯಾದ ಮೇಲೆ ನಿಮ್ಮ ಮಾತನ್ನ ನಾನು ಪೂರ್ತಿ ನಂಬಿದ್ದು ಇವತ್ತೇ ಕಣ್ರೀ.”