ಗೋವಾಕ್ಕೆ ಹೊರಟ ಮನೆಯ ಟಾಯರು

ಮೂಡಲಗಿಯ ಬಟ್ಟೆ ಅಂಗಡಿ ಕಾಶಿನಾಥ ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯೊಂದನ್ನು ತಂದಿದ್ದ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಮೇಲೆ ತಗಡಿನ ಚಾವಣಿ, ಕೆಳಗೆ ಎರಡು ಗಾಲಿ. ನೆರೆಯವರ ಬಾಯಿಯಿಂದ ನಾಲ್ಕು ದಿನ ದೂರವಿರಲೆಂದೇ ಹೆಂಡತಿ ಶೋಭಾಳೊಂದಿಗೆ ಗೋವಾಕ್ಕೆ ಹೊರಡುವವನಿದ್ದ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಎರಡೂ ಟಾಯರು ಒಡೆದ ಹಿಮ್ಮಡಿಯಂತೆ ಬಿರಿದಿದ್ದವು.

ಬಗ್ಗಿ ನೋಡಿದ್ದೇ ತಪ್ಪಾಯಿತು. ಆ ಓಣಿಯಲ್ಲಿ ಒಬ್ಬ ಬಗ್ಗಿದರೆ ಇಬ್ಬರು ಬಂದು ಬಗ್ಗುತ್ತಾರೆ.

"ಟ್ರ್ಯಾಕ್ಟರ್ ಟ್ರಾಲಿ ಟಾಯರ್ ಹಾಕ್ರಿ," ಎಂದ ಕಬ್ಬು ಸಾಗಿಸುವ ಮಾಲಿಂಗ. "ಅಷ್ಟ ಕಬ್ಬ ಹೊರತಾವು, ನಿಮ್ಮ ಮಂಚ ಏನ್ ಲೆಕ್ಕ?"

"ಇವರೇನ ಕಬ್ಬ ಹೇರಾಕ ಹೊಂಟಾರೇನೋ? ಕಾರಿನ ಟಾಯರ್ ಹಾಕ್ರಿ, ಮೆತ್ತಗ ಹೋಗತೈತಿ," ಎಂದ ವಿಮಾ ಏಜೆಂಟ್ ಪ್ರಭು. ಅವನಿಗೆ ಕಾರಿರಲಿಲ್ಲ, ಅಭಿಪ್ರಾಯಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಸ್ವಂತ ಬುದ್ಧಿಯನ್ನು ಗಲ್ಲಾದೊಳಗೇ ಇಟ್ಟು ಬೀಗ ಹಾಕುವ ಕಾಶಿನಾಥ ಇಬ್ಬರಿಗೂ ತಲೆಯಾಡಿಸಿದ. ಮನೆಯನ್ನು ಇಟ್ಟಂಗಿಗಳ ಮೇಲೆ ನಿಲ್ಲಿಸಿ, ಗಾಲಿ ಬಿಚ್ಚಿ, ಜೀಪಿಗೆ ಹಾಕಿಕೊಂಡು ಗೋಕಾಕದ ಟಾಯರ್ ಅಂಗಡಿಗೆ ಹೋದ. ಟ್ರಾಲಿ ಟಾಯರು ಆ ಗಾಲಿಗೆ ಕೂಸಿನ ತಲೆಗೆ ಅಜ್ಜನ ರುಮಾಲು ಸುತ್ತಿದಂತಾಯಿತು. ಅಂಗಡಿಯವರೆಲ್ಲ ನಕ್ಕರು. ಮಾನ ಉಳಿಸಿಕೊಳ್ಳಲು ಕಾರಿನ ಟಾಯರು ಕೇಳಿದ.

"ಮನಿ ತೂಕ ಎಷ್ಟ ಐತ್ರಿ?" ಎಂದರು.

ಗೊತ್ತಿರಲಿಲ್ಲ. ಕಡೆಗೆ ಆ ಮನೆ ಕಟ್ಟಿಕೊಟ್ಟಿದ್ದ ಹುಕ್ಕೇರಿಯ ಅಶೋಕನಿಗೆ ಫೋನು ಹಚ್ಚಿದ.

"ಕಾರಿನ ಟಾಯರಾ? ಬಗಲು ಮೆತ್ತಗಿರತಾವ್ರಿ. ತಿರುವಿನ್ಯಾಗ ಮನಿ ಕುಡದವರಂಗ ತೂರಾಡತೈತಿ. ಇಂಥಾ ಗಾಡಿಗಂತನ ಮಾಡಿದ್ದ ಬ್ಯಾರೆ ಇರತಾವು, ಬಗಲು ಗಟ್ಟಿ, ಭಾರ ತಡೀತಾವು. ನನ್ನ ಹತ್ರನ ಅದಾವ, ಬರ್ರಿ. ಮುಂಜಾನೆನ ಯಾಕ ಕೇಳಲಿಲ್ಲ?"

"ಓಣಿಯವರನ್ನ ಕೇಳಾಕತ್ತಿದ್ದೆ," ಎಂದ ಕಾಶಿನಾಥ.

ಹುಕ್ಕೇರಿಗೆ ಹೋಗಿ ಸರಿಯಾದ ಟಾಯರು ಹಾಕಿಸಿಕೊಂಡು, ಸಂಜೆ ಯುದ್ಧ ಗೆದ್ದವನಂತೆ ಹಾರ್ನ್ ಬಾರಿಸುತ್ತ ಓಣಿಗೆ ಬಂದ. ಪ್ರವಾಸದ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗಿನ ಮಂಚದ ಮೇಲೆ ಘೋಡಗೇರಿಯಿಂದ ಬಂದ ಅತ್ತೆ ಗೌರವ್ವ ತನ್ನ ಹಾಸಿಗೆ ಬಿಚ್ಚಿಕೊಂಡು ಕೂತಿದ್ದಳು.

"ಬರ್ರಿ ಅಳಿಯಂದ್ರ! ನಿಮ್ಮ ಮನಿ ಮೆಟ್ಟಲ ಹತ್ತಾಕ ನನಗ ಆಗೂದಿಲ್ಲಂತ ಕೆಳಗ ಖೋಲಿ ಮಾಡಿಸೀರಂತ, ಪ್ರಭು ಹೇಳಿದ. ಎಂಥಾ ದೊಡ್ಡ ಮನಸ್ರಿ ನಿಮ್ಮದು! ಹಾಲೂ ಉಕ್ಕಿಸಿಬಿಟ್ನಿ."

"ಅತ್ತಿಯವರ, ಇದು ಗೋವಾಕ್ಕ ಹೋಗೂ ಮನಿ..."

"ಹಾಲು ಉಕ್ಕಿಸಿದ ಮನಿ ಅಲ್ಲಾಡಸಬಾರದ್ರಿ," ಎಂದ ಮಾಲಿಂಗ, ಬಟ್ಟಲ ತುಂಬ ಹುಗ್ಗಿ ಹಿಡಿದು.

ಕಾಶಿನಾಥ ಶೋಭಾಳತ್ತ ನೋಡಿದ. ಅವಳು ಕಣ್ಣೊರೆಸಿಕೊಂಡಳು. "ಗೋವಾ ಅಂದಿದ್ದು ಬರೇ ನೆವ ಏನ್ರಿ? ನಮ್ಮವ್ವನ ಮ್ಯಾಲ ನಿಮಗ ಇಷ್ಟ ಕಾಳಜಿ ಐತಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ." ಈ ಮಾತಿನ ಮೇಲೆ ಗೋವಾದ ಹೆಸರೆತ್ತುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ಗೌರವ್ವ ಜೀಪಿನೊಳಗೆ ಇಣುಕಿದಳು. "ಟಾಯರೂ ತಂದೀರಿ? ಛಲೋ ಆತು. ಈ ಖೋಲಿ ಮಾಳಗಿ ಮ್ಯಾಲ ಏರಸ್ರಿ, ಗಾಳಿಗೆ ತಗಡು ಹಾರಬಾರದು."

ಮಾಲಿಂಗ ನಿಚ್ಚಣಿಕೆ ತಂದ. ಕಾಶಿನಾಥ ಒಂದು ಟಾಯರನ್ನು ಹೆಗಲಿಗೇರಿಸಿಕೊಂಡು ಅರ್ಧ ಹತ್ತಿದ್ದನಷ್ಟೇ, ಕೆಳಗೆ ಯಾವ ಟಾಯರನ್ನು ಯಾವ ಮೂಲೆಗೆ ಇಡಬೇಕೆಂದು ಪ್ರಭುವಿಗೂ ಮಾಲಿಂಗನಿಗೂ ಜಗಳ ಹತ್ತಿತು.