ಎಣ್ಣೆನೀರು ಕಂಡ ಅಮೆರಿಕನ್ನರು

ಆ ಲಕ್ಷ್ಮೀಪೂಜೆಯ ಸಂಜೆ ಲಂಡನ್ನಿನ ಹ್ಯಾರೋದ ಮಾಮಾನ ಮನೆಯಲ್ಲಿ ಮಾಮಿ ಇದ್ದರು, ಅವರ ಮಗಳಿದ್ದಳು, ಕ್ವೀನ್ಸ್‌ಬರಿಯಿಂದ ಚಕ್ಕುಲಿ ಡಬ್ಬಿ ಹೊತ್ತು ಬಂದ ನಾನಿದ್ದೆ. ಇವರಲ್ಲದೆ ಅಮೆರಿಕದ ಹಲವು ಅಧ್ಯಕ್ಷರು, ಬಲ್ಬಿನ ವಿಜ್ಞಾನಿ, ವಿಮಾನ ಹಾರಿಸಿದ ಅಣ್ಣತಮ್ಮಂದಿರು, ಗುಡುಗುಮಳೆಯಲ್ಲಿ ಗಾಳಿಪಟ ಬಿಟ್ಟ ಮಹಾಶಯರು, ಎಲ್ಲರೂ ಇದ್ದರು. ನಾವು ಸೋಫಾದ ಮೇಲೆ. ಅವರೆಲ್ಲ ಲಕ್ಷ್ಮಿಯ ಮುಂದೆ ಹಿತ್ತಾಳೆ ಪರಾತದಲ್ಲಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಝಗಝಗ ಹೊಳೆಯುತ್ತ ಕೂತಿದ್ದರು. ಇರದಿದ್ದವರು ಮಾಮಾ ಒಬ್ಬರೇ. ಅವರು ಡ್ಯೂಟಿ ಮುಗಿಸಿ ಬರುವ ಹೊತ್ತಾಗಿತ್ತು.

ನಮ್ಮ ಮಾಮಾನಷ್ಟು ಅಮೆರಿಕವನ್ನು ಪ್ರೀತಿಸಿದವರು ಅಮೆರಿಕದಲ್ಲೂ ಇರಲಿಕ್ಕಿಲ್ಲ. ಹಾಗಂತ ಅವರು ಆ ದೇಶ ನೋಡಿದ್ದಾರೆಯೇ? ಎಲ್ಲಿಂದ ಬಂತು! ಧಾರವಾಡ ಬಿಟ್ಟು ಲಂಡನ್ನಿಗೆ ಬಂದು, ಟ್ಯೂಬ್ ಸ್ಟೇಷನ್ನೊಂದರ ಟಿಕೆಟ್ ಕಿಟಕಿಯ ಹಿಂದೆ ಕೂತು, ಊರಿಗೆಲ್ಲ ಟಿಕೆಟ್ ಕೊಟ್ಟು ಕಳಿಸಿದ ಮಹಾನುಭಾವರು ತಾವು ಮಾತ್ರ ಪಕ್ಕದ ವೆಂಬ್ಲಿ ದಾಟಿದರೆ ಅದು ದೊಡ್ಡ ಪ್ರಯಾಣ. ಆದರೆ ಭಾನುವಾರ ಬಂತೆಂದರೆ ಯಾವುದೋ ಶಾಲೆಯ ಮೈದಾನದ ಕಾರ್ ಬೂಟ್ ಸೇಲಿನಲ್ಲಿ ಹಾಜರು. ಅಲ್ಲಿ ಜನ ಮನೆಯ ಹಳೆ ಸಾಮಾನು ಕಾರಿನ ಡಿಕ್ಕಿಯಲ್ಲಿ ಹರಡಿಕೊಂಡು ನಿಂತಿರುತ್ತಾರಲ್ಲ, ಅದರೊಳಗೆ ಕೈಹಾಕಿ ಕೆದಕಿ ಕೆದಕಿ ಒಂದು ಕಂಚಿನ ಬಿಲ್ಲೆ ಎತ್ತುವುದು. ಬಿಲ್ಲೆಯ ಮೇಲೆ ಯಾರೋ ಅಮೆರಿಕದ ಹಿರಿಯರ ಮುಖ. ಅವರ ನೂರನೆಯದೋ ಇನ್ನೂರನೆಯದೋ ಜಯಂತಿಗೆಂದು ಎಂದೋ ಟಂಕಿಸಿದ ಸ್ಮರಣಪದಕ. ಮಾಮಾ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಹಸಿಗೂಸನ್ನು ತರುವ ಹಾಗೆ ಮನೆಗೆ ತರುತ್ತಿದ್ದರು.

ನನ್ನ ಸಿಟ್ಟು ಇರುವುದೇ ಇಲ್ಲಿ. ಕೂಡಿಹಾಕಲೇಬೇಕೆಂದರೆ ಲಂಡನ್ನಿನಲ್ಲಿ ರಾಜರಾಣಿಯರಿಗೆ ಬರಗಾಲವೇ? ಚಹದ ಕಪ್ಪಿನ ಮೇಲೆ ರಾಣಿ, ಬಿಸ್ಕೀಟಿನ ಡಬ್ಬಿಯ ಮೇಲೆ ರಾಣಿ! ಇದ್ದ ಊರಿನವರನ್ನು ಬಿಟ್ಟು ಸಮುದ್ರದಾಚೆಯವರ ಉಸಾಬರಿ ಯಾಕೆ? ಒಮ್ಮೆ ಕೇಳಿಯೇಬಿಟ್ಟೆ.

"ರಾಣಿ ಏನ್ ಮಾಡ್ಯಾಳ ತಂಗಿ? ಅರಮನ್ಯಾಗ ಹುಟ್ಟಿದ್ಲು, ರಾಣಿ ಆದ್ಲು," ಎಂದು ಮಾಮಾ ನನ್ನ ಮೇಲೆಯೇ ಹರಿಹಾಯ್ದರು. "ಇವ್ರನ್ನ ನೋಡು. ಇಂವಾ ಕಟಗಿ ಒಡ್ಕೋತ ದೊಡ್ಡಾಂವ ಆದ. ಇಂವಾ ಅವರಪ್ಪನ ಅಂಗಡ್ಯಾಗ ಮೇಣಬತ್ತಿ ಮಾಡ್ತಿದ್ದ. ಈ ಅಣ್ಣತಮ್ಮರು ಸೈಕಲ್ ರಿಪೇರಿ ಮಾಡಾವ್ರು! ಎಲ್ಲಾ ಕೈಯಾರೆ ದುಡದ ಮಂದಿ."

"ಮುಂಜಾನೆದ್ದು ನಾನೂ ಕೈಯಾರೆನ ದುಡೀತೀನಿ," ಎಂದು ಅಡಿಗೆಮನೆಯಿಂದ ಮಾಮಿಯ ದನಿ ಬಂತು. "ನನ್ನ ಮಾರಿ ಯಾವ ಬಿಲ್ಲಿ ಮ್ಯಾಲ ಅದನ್ರಿ?"

ಮಾಮಾ ಕೇಳಿಸದವರ ಹಾಗೆ ಭೂತಗನ್ನಡಿ ಒರೆಸಿಕೊಂಡರು.

ಮಾಮಿಗೆ ಆ ಇಂಗ್ಲಿಷ್ ಹೆಸರುಗಳೆಲ್ಲ ಯಾಕೆ ಬೇಕು? ತಮ್ಮದೇ ಹೆಸರಿಟ್ಟಿದ್ದರು. ಗಡ್ಡದಪ್ಪ, ಗಾಳಿಪಟದಾಂವ, ಬಲ್ಬಿನಾಂವ. "ನಿಮ್ಮ ಮಾಮಾ ಇವತ್ತ ಗಾಳಿಪಟದಾಂವನ್ನ ಹಾಸಿಗ್ಯಾಗ ಇಟ್ಕೊಂಡು ನೋಡ್ಲಿಕ್ಕತ್ತಾರ" ಎಂದು ಫೋನಿನಲ್ಲಿ ವರದಿ ಬರುತ್ತಿತ್ತು. ಗಡ್ಡದಪ್ಪನ ವಸತಿ ಮಾಮಿಯ ಸೀರೆಯ ಕಪಾಟಿನಲ್ಲಿ, ಇಳಕಲ್ ಸೀರೆಗಳ ನಡುವೆ. ಅಲ್ಲಿ ಶೀತವಿಲ್ಲವಂತೆ!

ಸೀರೆಯ ಕಪಾಟು ಹೋಗಲಿ. ಒಗ್ಗರಣೆಗೂ ಸಂಚಕಾರ ಬಂತಲ್ಲ! ಎಣ್ಣೆಯ ಹೊಗೆ ಕಂಚಿಗೆ ಕೆಡುಕು ಎಂದು ಮಾಮಾ ಎಲ್ಲೋ ಓದಿಕೊಂಡು ಬಂದರು. ಅಂದಿನಿಂದ ಮನೆಯೊಳಗೆ ಸಾಸಿವೆ ಚಟಪಟ ಅನ್ನುವಂತಿಲ್ಲ. ಹಿತ್ತಲ ಶೆಡ್ಡಿನಲ್ಲಿ ಕ್ಯಾಂಪಿಂಗ್ ಸ್ಟೋವ್ ಇಟ್ಟುಕೊಟ್ಟರು. ನವೆಂಬರಿನ ಜಿಟಿಜಿಟಿ ಮಳೆಯಲ್ಲಿ ನಮ್ಮ ಮಾಮಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಒಗ್ಗರಣೆ ಸೌಟು ಹಿಡಿದು ಹುಲ್ಲುಹಾಸು ದಾಟಿ ಓಡಿಬರುವುದನ್ನು ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಕಿಟಕಿಯಿಂದ ನೋಡುತ್ತಿದ್ದಳು. ಇದು ನಮ್ಮ ಧರ್ಮದ ಯಾವುದೋ ವಿಧಿಯೆಂದು ತಿಳಿದು ಗೌರವದಿಂದ ತಲೆಬಾಗಿಸುತ್ತಿದ್ದಳಂತೆ!

ಇನ್ನು ಇಲ್ಫರ್ಡಿನ ಮದುವೆ. ಬೆಳಗಾವಿಯ ಕಡೆಯವರ ಮಗಳಿಗೆ ಉಡುಗೊರೆಯಾಗಿ ಏನು ಕೊಟ್ಟರು ಗೊತ್ತೇ? ಮಖಮಲ್ಲಿನ ಡಬ್ಬಿಯಲ್ಲಿ ಗಡ್ಡದಪ್ಪನ ಇನ್ನೊಂದು ಪ್ರತಿ! ಕೆಲವು ತಿಂಗಳ ಮೇಲೆ ನಾವು ಆ ಮನೆಗೆ ಊಟಕ್ಕೆ ಹೋದಾಗ ನೋಡುತ್ತೇವೆ, ಗಡ್ಡದಪ್ಪ ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಹೂ ಮುಡಿದು ಕೂತಿದ್ದಾರೆ. ಹುಡುಗಿಯ ಅತ್ತೆ ಕೈಮುಗಿದು ಕೇಳಿದರು: "ಯಾವ ಮಠದ ಸ್ವಾಮಿಗಳ್ರೀ ಇವ್ರು? ಮಾರಿ ಮ್ಯಾಲ ಎಷ್ಟು ತಪಸ್ಸದ!"

ನಾನು ನಗು ತಡೆಯಲು ನೀರು ಕುಡಿದೆ. ಮಾಮಾ ಮಾತ್ರ ಕಾರಿನಲ್ಲಿ ಹ್ಯಾರೋ ಮುಟ್ಟುವ ತನಕ ಕುದಿಯುತ್ತಿದ್ದರು. ಸ್ವಾಮಿಗಳೆಂದದ್ದಕ್ಕೆ ಸಿಟ್ಟಲ್ಲ. "ಒದ್ದಿ ಕುಂಕುಮ ಹಚ್ಯಾರಲ್ಲ ತಂಗಿ! ಕಂಚಿಗೆ ಒದ್ದಿ ಆಗಂಗಿಲ್ಲಾ, ಅಷ್ಟೂ ತಿಳೀಬಾರದ?"

ಇಂಥ ಮಾಮಾನಿಗೆ ಆ ವರ್ಷ ಒಂದು ಭಾಗ್ಯ ಒದಗಿತು. ಪದಕ ಸಂಗ್ರಾಹಕರದೊಂದು ಸಂಘವಿತ್ತು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರಿ, ಬಿಲ್ಲೆಗಳನ್ನು ತಿರುವಿ ತಿರುವಿ ನೋಡಿ, ಚಹ ಕುಡಿದು ಏಳುವ ಮಂದಿ. ಮಾಮಾ ಎಷ್ಟೋ ವರ್ಷಗಳಿಂದ ಅಲ್ಲಿ ಹಿಂದಿನ ಸಾಲಿನ ಕುರ್ಚಿ. ಆ ಸಲದ ವಾರ್ಷಿಕ ಪ್ರದರ್ಶನದಲ್ಲಿ ಅವರಿಗೂ ಬಿಲ್ಲೆಗಳನ್ನಿಡಲು ಒಂದು ಮೇಜು ಕೊಡುವ ಯೋಚನೆ ಸಂಘದವರಿಗೆ ಬಂತು. ಅದಕ್ಕೆ ಮುಂಚೆ ಸಂಗ್ರಹವನ್ನು ಒಮ್ಮೆ ನೋಡಿಹೋಗುತ್ತೇನೆಂದು ಸಂಘದ ಕಾರ್ಯದರ್ಶಿ ಹೇಳಿಕಳಿಸಿದರು. ಮಾಮಾ ಅವರನ್ನು ಲಕ್ಷ್ಮೀಪೂಜೆಯ ಸಂಜೆಗೇ ಚಹಕ್ಕೆ ಕರೆದುಬಿಟ್ಟರು. ಒಂದು ಮೇಜು! ಆ ಮನುಷ್ಯ ಮಗಳು ಹುಟ್ಟಿದಾಗಲೂ ಅಷ್ಟು ಪೇಢೆ ಹಂಚಿರಲಿಲ್ಲವಂತೆ.

ಈಗ ಪರಾತಕ್ಕೆ ಬರೋಣ. ಹಳೆ ಕಂಚಿನ ಮೇಲೆ ವರ್ಷಗಳು ಕೂತು ಕೂತು ಒಂದು ಗಾಢ ಕಂದುಬಣ್ಣ ಏರುತ್ತದೆ. ಸಂಗ್ರಾಹಕರು ಅದಕ್ಕೆ ಪಟೀನಾ ಎನ್ನುತ್ತಾರೆ, ಅದಕ್ಕಾಗಿ ಪ್ರಾಣ ಬಿಡುತ್ತಾರೆ. ನಮ್ಮ ಮಾಮಿ ಅದಕ್ಕೆ ಹೊಲಸು ಎನ್ನುತ್ತಾರೆ.

ಬಾಗಿಲು ತೆರೆಯಿತು. ಮಾಮಾ ಕೋಟು ತೆಗೆಯುತ್ತ ಒಳಗೆ ಬಂದರು. ಪರಾತ ನೋಡಿದರು. ಕೋಟಿನ ಒಂದು ತೋಳು ಹಾಗೆಯೇ ನಿಂತಿತು.

"ಏನ್ ಮಾಡಿದ್ಯೆ?"

"ಹುಣಸಿಹಣ್ಣು, ಉಪ್ಪು ಹಾಕಿ ತಿಕ್ಕೀನಿ," ಎಂದರು ಮಾಮಿ ಹೆಮ್ಮೆಯಿಂದ. "ನೋಡ್ರಿ, ಗಡ್ಡದಪ್ಪಗ ಎಷ್ಟು ಕಳಾ ಬಂದದ!"

"ಮಮ್, ಯು ಡಿಡಂಟ್!" ಎಂದು ಮಗಳು ಬಾಯಿ ಮುಚ್ಚಿಕೊಂಡಳು.

"ನೂರು ವರ್ಷದ ಬಣ್ಣ!" ಎಂದು ಮಾಮಾ ಕೂಗಿದ ಕೂಗಿಗೆ ಲಕ್ಷ್ಮಿಯ ಮುಂದಿನ ದೀಪ ಅಲುಗಾಡಿತು. "ನೂರು ವರ್ಷ ಬೇಕಾತು ಆ ಬಣ್ಣಕ್ಕ! ನೀ ಒಂದು ಮುಂಜಾನ್ಯಾಗ ಹುಣಸಿಹುಳಿ ಮಾಡಿ ಇಟ್ಟಿ!"

ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ಕಾರ್ಯದರ್ಶಿಗಳು! ಎತ್ತರದ, ಬಾಗಿದ ಬೆನ್ನಿನ, ಸಂಭಾವಿತ ಮುದುಕರು. ಪರಾತದ ಮುಂದೆ ಬಗ್ಗಿದರು, ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಗುಲಾಬಿ ಛಾಯೆಯ, ಹೊಚ್ಚಹೊಸ ಕೊಡದಂತೆ ಹೊಳೆಯುವ ಅಧ್ಯಕ್ಷರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ಓ ಡಿಯರ್," ಎಂದರು. ಆಮೇಲೆ, ಇಂಗ್ಲಿಷರಿಗೆ ಮಾತ್ರ ಸಾಧ್ಯವಾಗುವ ಸೌಜನ್ಯದಿಂದ, "ದೇ ಆರ್ ವೆರಿ ಕ್ಲೀನ್," ಎಂದರು.

ಮಾಮಿಗೆ ಅದೊಂದು ಮಾತು ಚೆನ್ನಾಗಿ ತಿಳಿಯಿತು. ಮುಖವರಳಿಸಿ ಅವರಿಗೆ ಕರ್ಜಿಕಾಯಿ ಬಡಿಸಿದರು, ಹಣೆಗೆ ಕುಂಕುಮವನ್ನೂ ಇಟ್ಟರು. ಆ ಪುಣ್ಯಾತ್ಮರು ಎಲ್ಲವನ್ನೂ ತಿಂದು, ಬಾಗಿಲಲ್ಲಿ ಮಾಮಾನ ಹೆಗಲು ತಟ್ಟಿ, ಮೇಜಿನ ವಿಷಯ ಮುಂದಿನ ವರ್ಷ ನೋಡೋಣ ಎಂದು ಹೋದರು. ಆ ವರ್ಷ ಮೇಜು ಹಳೆ ಕೋಟುಗಳ ಗುಂಡಿ ಕೂಡಿಹಾಕುವ ಒಬ್ಬರಿಗೆ ಸಿಕ್ಕಿತು. ಗುಂಡಿ!

ಮಾಮಾ ಮಾಮಿಯೊಂದಿಗೆ ಮಾತು ಬಿಟ್ಟರು. ಬಿಟ್ಟದ್ದು ಮಾತಷ್ಟೇ, ಊಟವನ್ನಲ್ಲ! ಊಟದ ಮೇಜಿನಿಂದ ಕ್ವೀನ್ಸ್‌ಬರಿಯ ನನಗೆ ಫೋನು: "ತಂಗಿ, ನಿಮ್ಮ ಮಾಮಿಗೆ ಹೇಳು, ಸಾರಿಗೆ ಉಪ್ಪು ಕಡಿಮಿ ಆಗ್ಯದ." ನಾನು ಇಟ್ಟು, ಮತ್ತೆ ಅದೇ ಮನೆಗೆ ಫೋನು ಮಾಡಬೇಕು. ಮಾಮಾ ಎತ್ತಿ, ಒಂದು ಮಾತಾಡದೆ ರಿಸೀವರನ್ನು ಎದುರು ಕೂತ ಮಾಮಿಗೆ ಕೊಡಬೇಕು! ಮಾಮಿ ಹೇಳುವುದು: "ಉಪ್ಪಿನ ಡಬ್ಬಿ ಅವರ ಮೂಗಿನ ಮುಂದನ ಅದ ಅಂತ ಹೇಳವಾ." ನನಗೇನು ಬೇರೆ ಕೆಲಸವಿರಲಿಲ್ಲವೇ? ನನ್ನ ಒಲೆಯ ಮೇಲಿನ ಹಾಲು ಉಕ್ಕಿ ಹರಿಯುತ್ತಿತ್ತು, ನಾನು ಹ್ಯಾರೋದ ಉಪ್ಪು ಹ್ಯಾರೋಕ್ಕೇ ಮುಟ್ಟಿಸುತ್ತಿದ್ದೆ!

ಕೊನೆಗೊಂದು ಶನಿವಾರ ರೇಗಿಹೋಗಿ ಬಸ್ಸು ಹತ್ತಿದೆ. ಇಬ್ಬರನ್ನೂ ಅಡಿಗೆಮನೆಯಲ್ಲಿ ಎದುರುಬದುರು ಕೂಡಿಸಿದೆ.

"ಮಾಮಾ, ಕಂಚಿನ ಗಂಡಸರ ಸಲುವಾಗಿ ಜೀವಂತ ಹೆಂಡ್ತಿ ಜೋಡಿ ಮಾತು ಬಿಟ್ಟೀರಿ. ನಾಚಿಗಿ ಬರೂದಿಲ್ಲೇನು ನಿಮಗ?"

"ಆಕೀಗೆ ಕೇಳು ತಂಗಿ," ಎಂದರು ಮಾಮಾ ಗೋಡೆ ನೋಡುತ್ತ. "ಯಾರನ್ನ ಕೇಳಿ ಮುಟ್ಟಿದ್ಲು?"

ನಾನು ಮಾಮಿಯ ಕಡೆ ತಿರುಗಿ ಆ ಪ್ರಶ್ನೆಯನ್ನು ದಾಟಿಸುವುದರೊಳಗೆ ಮಾಮಿ ನೇರವಾಗಿ ಅವರಿಗೇ ಹೇಳಿದರು:

"ಚತುರ್ದಶಿ ದಿನಾ ಮನ್ಯಾಗಿನ ಗಂಡಸರಿಗೆಲ್ಲಾ ಎಣ್ಣಿ ಹಚ್ಚಿ, ನೀರು ಹಾಕಿ, ಆರತಿ ಮಾಡೂದು ನಮ್ಮ ಪದ್ಧತಿ ಹೌದಲ್ರಿ? ಇವ್ರೂ ಇಷ್ಟು ವರ್ಷ ನಮ್ಮನ್ಯಾಗನ ಅದಾರಲ್ರಿ. ನನ್ನ ಸೀರಿ ಮ್ಯಾಲ ಮಲಗ್ಯಾರ. ನನ್ನ ಒಗ್ಗರಣಿ ಹೊರಗ ಹಾಕ್ಸ್ಯಾರ. ಹಿಂತಾವ್ರನ್ನ ಹಬ್ಬದ ದಿನಾ ಸ್ನಾನ ಇಲ್ಲದ ಕೂಡಿಸ್ಲೇನು? ಅವತ್ತ ನಿಮಗ ಎಣ್ಣಿ ಹಚ್ಚಿದೆ, ನೀವು ಡ್ಯೂಟಿಗೆ ಹೋದ್ರಿ, ಆಮ್ಯಾಲ ಅವ್ರಿಗೆ ಹಚ್ಚಿದೆ. ಮರುದಿನಾ ನಿಮ್ಮ ಸಾಹೇಬ್ರು ಬರಾವ್ರು ಅಂತ ಎಣ್ಣಿಜಿಡ್ಡು ಹೋಗೂಹಂಗ ಹುಣಸಿಹಣ್ಣಿನಿಂದ ತಿಕ್ಕಿದೆ. ನಿಮ್ಮ ಮಂದಿ ಅಂತ ಮಾಡಿದೆ. ನನಗ ಅವ್ರೇನ್ ಆಗಬೇಕು?"

ಹೇಳುತ್ತ ಮಾಮಿ ಎರಡೂ ಕೈ ಮೇಜಿನ ಮೇಲೆ ಇಟ್ಟಿದ್ದರು. ಬೆರಳುಗಳ ಗಿಣ್ಣು ಬಾತಿದ್ದವು. ಆ ಚಳಿಗಾಲದಲ್ಲಿ ಅವರಿಗೆ ವಾತದ ನೋವು ಶುರುವಾಗಿತ್ತು, ನನಗೂ ಗೊತ್ತಿರಲಿಲ್ಲ. ಆ ಕೈಗಳಿಂದಲೇ ಅಷ್ಟೂ ಬಿಲ್ಲೆಗಳನ್ನು ತಿಕ್ಕಿದ್ದರು.

ಮಾಮಾ ಗೋಡೆ ನೋಡುವುದನ್ನು ಬಿಟ್ಟು ಆ ಕೈಗಳನ್ನು ನೋಡಿದರು.

"ಉಪ್ಪು ಕಡಿಮಿ ಅಂದಿದ್ದೆ," ಎಂದರು ಕಡೆಗೆ, ಮಾಮಿಗೇ. "ಆಗಿದ್ದಿಲ್ಲ."

ಮರುವರ್ಷ ಸಂಘದವರು ಮಾಮಾನಿಗೆ ಟಾಯ್ಲೆಟ್ಟಿನ ಬಾಗಿಲ ಹತ್ತಿರ ಒಂದು ಮೂಲೆಮೇಜು ಕೊಟ್ಟರು. ಅದಕ್ಕೂ ನಾನು ಸಿಟ್ಟಾದೆ, ಮಾಮಾ ಆಗಲಿಲ್ಲ. ಮಿರಮಿರ ಹೊಳೆಯುವ ಬಿಲ್ಲೆಗಳನ್ನೇ ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೂ ಇಂಗ್ಲಿಷಿನಲ್ಲಿ ಒಂದೊಂದು ಚೀಟಿ ನಿಲ್ಲಿಸಿದ್ದರು. ಯಾರ ಮುಖ, ಯಾವ ಜಯಂತಿ, ಅದರ ಕೆಳಗೆ: "ಮೂಲ ಬಣ್ಣ ಇಲ್ಲ. ದೀಪಾವಳಿಗೆ ನನ್ನ ಹೆಂಡತಿ ತೊಳೆದದ್ದು." ಮುಂದೆ ಮಾಮಿಯ ಪೂರ್ತಿ ಹೆಸರು. ಎಲ್ಲ ಚೀಟಿಗಳಲ್ಲೂ! ಬಂದವರು ಅಧ್ಯಕ್ಷರನ್ನು ಬಿಟ್ಟು ಹುಣಸೆಹಣ್ಣಿನ ವಿಚಾರ ಕೇಳತೊಡಗಿದರು. ಮಾಮಿ ಇಳಕಲ್ ಸೀರೆ ಉಟ್ಟು ಮೇಜಿನ ಪಕ್ಕ ನಿಂತು ಮುನಿಸು ತೋರಿಸಿದರು: "ಇಷ್ಟು ಗಂಡಸರ ನಡುವ ನನ್ನ ಹೆಸರು ಯಾಕ ಬರದ್ರಿ?" ಹೀಗೆಂದು ಸೀರೆಯ ನೆರಿಗೆ ಸರಿಮಾಡಿಕೊಂಡರು. ಆ ಚಳಿಗಾಲದಲ್ಲಿ ಕ್ಯಾಂಪಿಂಗ್ ಸ್ಟೋವ್ ಶೆಡ್ಡಿನಲ್ಲೇ ತುಕ್ಕು ಹಿಡಿಯಿತು; ಒಗ್ಗರಣೆ ಮನೆಯೊಳಗೆ ಬಂದಿತ್ತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಮಾಮಿಯ ಬೆರಳುಗಳು ಸೊಟ್ಟಗಾದವು. ನೀರಿನ ಕೆಲಸ ಬೇಡ ಎಂದು ಜಿ.ಪಿ. ಡಾಕ್ಟರು ಹೇಳಿದರು. ಆ ವರ್ಷದ ಚತುರ್ದಶಿಯ ಬೆಳಿಗ್ಗೆ ನಾನು ಹೋದಾಗ ಮಾಮಾ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತಿದ್ದರು. ಬಟ್ಟಲಲ್ಲಿ ಎಣ್ಣೆ, ಬೋಗುಣಿಯಲ್ಲಿ ನೆನೆಸಿದ ಹುಣಸೆಹಣ್ಣು. ಮಾಮಿ ಕುರ್ಚಿಯಲ್ಲಿ ಶಾಲು ಹೊದ್ದು ಕೂತು ಹೇಳುತ್ತಿದ್ದರು:

"ಗಡ್ಡದ ಸಂದ್ಯಾಗ ತಿಕ್ರಿ. ಹಂಗ ಮ್ಯಾಲ ಮ್ಯಾಲ ಅಲ್ಲ."

ಮಾಮಾ ಗಡ್ಡದಪ್ಪನ ಗಡ್ಡ ತಿಕ್ಕಿದರು. ಎಲ್ಲರನ್ನೂ ತೊಳೆದು, ಒರೆಸಿ, ಪರಾತದಲ್ಲಿ ಕೂಡಿಸಿ, ಒಣ ಕುಂಕುಮ ಹಚ್ಚಿದರು. ಆಮೇಲೆ ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು, ಕುರ್ಚಿ ಎಳೆದು ಮಾಮಿಯ ಎದುರು ಕೂತರು.

"ಕೈ ತಾ," ಎಂದರು.